ಓದುವ ಯಂತ್ರ ಕೊಳ್ಳುವ ಮುನ್ನ

ಮನೆಗೆ ಹೊಸ ಸಾಮಾನೊಂದು ಬರುವಾಗ ನಮ್ಮವರು ಮೊದಲು ಕೇಳುವುದು ಅದರ ಬೆಲೆಯನ್ನು. ಎರಡನೆಯದಾಗಿ, ಅದನ್ನು ಇಡುವುದೆಲ್ಲಿ ಎಂಬುದನ್ನು. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳ ಎರಡು ಕೋಣೆಯ ಮನೆಗಳಲ್ಲಿ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಇ-ರೀಡರ್ ಎಂಬ ಓದುವ ಯಂತ್ರ ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಅಂಗೈಯಗಲದ ಒಂದು ಹಲಗೆ. ತೂಕ ಸಾಧಾರಣ ಕಾದಂಬರಿಗಿಂತ ಕಡಿಮೆ. ಒಳಗೆ ಸಾವಿರಾರು ಪುಸ್ತಕಗಳಿಗೆ ಜಾಗ. ಆದುದರಿಂದಲೇ ಅಪ್ಪನ ನಿವೃತ್ತಿಗೋ ಅಮ್ಮನ ಅರವತ್ತಕ್ಕೋ ಮಕ್ಕಳು ಕೊಡಬಯಸುವ ಉಡುಗೊರೆಗಳ ಪಟ್ಟಿಯಲ್ಲಿ ಅದೂ ಸೇರಿಕೊಂಡಿದೆ. “ಅಪ್ಪಾ, ಇದೊಂದಿದ್ದರೆ ಆ ಕಪಾಟು ತೆಗೆದುಬಿಡಬಹುದು” ಎಂದು ಮಗ. “ಕಪಾಟಿನ ಮಾತು ಆಮೇಲೆ. ಇದರಲ್ಲಿ ಕನ್ನಡ ಬರುತ್ತದೇನಪ್ಪ, ಅದನ್ನು ಮೊದಲು ಹೇಳು” ಎಂದು ತಂದೆ. ತಂದೆಯ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉತ್ತರ ಹುಡುಕುವುದೇ ಈ ಸಲ ನಾವು ಹೊತ್ತುಕೊಂಡಿರುವ ಕೆಲಸ.

ಕರ್ನಾಟಕದ ಹೊರಗಿರುವ ನಮಗೆ ಇಂಥ ಯಂತ್ರದ ಆಸೆ ತುಸು ಹೆಚ್ಚೇ ಇರುವುದು ಸಹಜ. ಬೆಂಗಳೂರಿನವರು ಸಂಜೆ ತಿರುಗಾಡಲು ಹೊರಟವರು ಹಾಗೆಯೇ ಒಂದು ಪುಸ್ತಕದಂಗಡಿಗೆ ಹೊಕ್ಕು ಬರಬಹುದು. ನಮಗೆ ಕನ್ನಡ ಪುಸ್ತಕವೆಂದರೆ ವರ್ಷಕ್ಕೊಮ್ಮೆ ಊರಿಗೆ ಹೋದಾಗ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ತುರುಕಿ ತರುವ ಗಂಟು. ಇಲ್ಲವೆ ಅಂಚೆಯಲ್ಲಿ ಬರುವ ಕಟ್ಟು. ಇಲ್ಲವೆ ಸಂಘದ ವಾಚನಾಲಯದ ಎರಡು ಬೀರು. ವರ್ಗಾವಣೆಯ ನೌಕರಿಯವರ ಪಾಡು ಇನ್ನೂ ಕಷ್ಟ. ಪ್ರತಿಯೊಂದು ವರ್ಗಾವಣೆಯಲ್ಲಿಯೂ ಪುಸ್ತಕಗಳ ಒಂದು ಪಾಲು ರದ್ದಿಯವನ ತಕ್ಕಡಿಯನ್ನು ಏರುತ್ತದೆ. ಇದರ ಮೇಲೆ ವಯಸ್ಸು. ನಲವತ್ತು ದಾಟಿದ ಮೇಲೆ ಅಚ್ಚಿನ ಅಕ್ಷರ ವರ್ಷವರ್ಷಕ್ಕೂ ಸಣ್ಣದಾಗುತ್ತ ಹೋಗುತ್ತದೆ; ಅದಕ್ಕೆ ಮುದ್ರಕರು ಕಾರಣರಲ್ಲ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಾದ ಪುಸ್ತಕ ಸಿಗುತ್ತದೆಂದರೆ ಯಾರ ಮನಸ್ಸು ತಾನೇ ಕರಗದು?

ಮೊದಲು ಯಂತ್ರದ ಗುಣವನ್ನು ಹೇಳಿಬಿಡೋಣ. ಇದು ಫೋನಲ್ಲ, ಟ್ಯಾಬ್ಲೆಟ್ಟೂ ಅಲ್ಲ. ಫೋನಿನ ಪರದೆ ಹಿಂದಿನಿಂದ ಬೆಳಕನ್ನು ನಮ್ಮ ಕಣ್ಣಿಗೆ ಬಿಡುತ್ತದೆ. ಇ-ರೀಡರಿನ ಪರದೆ ಕಾಗದದ ಹಾಗೆ ಹೊರಗಿನ ಬೆಳಕಿನಿಂದಲೇ ಕಾಣುತ್ತದೆ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ನಡೆದ ಸಂಶೋಧನೆಯಿಂದ ಹೊರಟು ೧೯೯೭ರಲ್ಲಿ ಸ್ಥಾಪಿತವಾದ ಇ-ಇಂಕ್ ಎಂಬ ಕಂಪನಿ ಈ ಪರದೆಯನ್ನು ರೂಢಿಗೆ ತಂದಿತು. ಪರದೆಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು. ಒಂದೊಂದು ಗುಳಿಗೆಯೊಳಗೂ ತಿಳಿಯಾದ ದ್ರವ. ಅದರಲ್ಲಿ ತೇಲುವ ಬಿಳಿಯ ಕಣಗಳು ಮತ್ತು ಕರಿಯ ಕಣಗಳು. ಬಿಳಿಯವು ಒಂದು ಬಗೆಯ ವಿದ್ಯುದಂಶವನ್ನೂ ಕರಿಯವು ಅದಕ್ಕೆ ವಿರುದ್ಧವಾದುದನ್ನೂ ಹೊತ್ತಿರುತ್ತವೆ. ಹಿಂದಿನಿಂದ ವಿದ್ಯುತ್ತು ಹಾಯಿಸಿದಾಗ ಬೇಕಾದ ಬಣ್ಣದ ಕಣ ಮೇಲಕ್ಕೆ ಬಂದು ನಿಲ್ಲುತ್ತದೆ, ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಅಕ್ಷರ ಹಾಗೆಯೇ ನಿಂತಿರಲು ವಿದ್ಯುತ್ತು ಬೇಕಿಲ್ಲ. ಪುಟ ತಿರುಗಿಸುವಾಗ ಮಾತ್ರ ಬೇಕು. ಆದುದರಿಂದಲೇ ಒಂದು ಸಲ ಚಾರ್ಜು ಮಾಡಿದರೆ ಇದು ವಾರಗಟ್ಟಲೆ ಬಾಳುತ್ತದೆ. ಬಿಸಿಲಿನಲ್ಲಿ ಕುಳಿತರೂ ಅಕ್ಷರ ಮಸುಕಾಗುವುದಿಲ್ಲ. ರಾತ್ರಿ ಓದುವವರಿಗಾಗಿ ಅಂಚಿನಿಂದ ಪುಟದ ಮೇಲೆ ಹರಡುವ ದೀಪವನ್ನು ಅಳವಡಿಸಿದ ಯಂತ್ರಗಳೂ ಬಹಳ ವರ್ಷಗಳಿಂದ ದೊರೆಯುತ್ತಿವೆ.

ಈ ಬಗೆಯ ಪರದೆಯ ಮೊದಲ ಓದುಯಂತ್ರವನ್ನು ೨೦೦೪ರಲ್ಲಿ ಜಪಾನಿನಲ್ಲಿ ಸೋನಿ ಕಂಪನಿ ಮಾರಾಟಕ್ಕೆ ತಂದಿತು, ಹೆಸರು ಲಿಬ್ರಿಯೆ. ೨೦೦೭ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅಮೆಜಾನ್ ಕಂಪನಿಯ ಕಿಂಡಲ್ ಬಂದಿತು. ಆಗ ಅದರ ಬೆಲೆ ೩೯೯ ಡಾಲರು. ಆದರೂ ಮೊದಲ ದಾಸ್ತಾನು ಕೆಲವೇ ಗಂಟೆಗಳಲ್ಲಿ ಮುಗಿದುಹೋಯಿತು. ಭಾರತದ ಗಿರಾಕಿಗಳಿಗೆಂದೇ ಕಿಂಡಲ್ಲಿನ ಪುಸ್ತಕದ ಅಂಗಡಿ ತೆರೆದದ್ದು ೨೦೧೨ರಲ್ಲಿ. ಕೋಬೋ, ನೂಕ್ ಮುಂತಾದ ಬೇರೆ ಯಂತ್ರಗಳೂ ಇವೆ. ಓದುವ ಸುಖದ ಮಟ್ಟಿಗೆ ಇವುಗಳಲ್ಲಿ ಅಂಥ ಅಂತರವೇನೂ ಇಲ್ಲ. ಅಂತರವಿರುವುದು ಒಳಗಿನ ಪುಸ್ತಕದಲ್ಲಿ.

ಲಿಬ್ರಿಯೆಯ ವಿಚಾರದಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಅದಕ್ಕಾಗಿ ಕೊಟ್ಟ ಪುಸ್ತಕಗಳು ೬೦ ದಿನಗಳ ಬಾಡಿಗೆಯವು. ಅರವತ್ತನೆಯ ದಿನ ಕಳೆಯಿತೆಂದರೆ, ಓದಿ ಮುಗಿದಿರಲಿ ಬಿಡಲಿ, ಪುಸ್ತಕ ತೆರೆಯುತ್ತಿರಲಿಲ್ಲ. ಹುಟ್ಟಿನಲ್ಲಿಯೇ ಈ ಯಂತ್ರಕ್ಕೆ ಅಂಟಿಕೊಂಡ ಈ ಗುಣ ಬೇರೆ ಬೇರೆ ವೇಷದಲ್ಲಿ ಇಂದಿಗೂ ಬಿಟ್ಟಿಲ್ಲ. ಕೊಳ್ಳುವವರು ತಿಳಿದುಕೊಳ್ಳಬೇಕಾದ ಮುಖ್ಯ ಮಾತು ಇದೇ.

ಅಚ್ಚಿನ ಪುಸ್ತಕ ಯಾರ ಕೈಯಲ್ಲಿಯೂ ತೆರೆಯುತ್ತದೆ. ಯಂತ್ರದ ಪುಸ್ತಕ ಹಾಗಲ್ಲ. ಅದು ಒಂದು ಫೈಲು. ಫೈಲುಗಳಲ್ಲಿ ಹಲವು ಬಗೆ. ಗ್ರಾಮೊಫೋನಿನ ತಟ್ಟೆಯನ್ನು ಕ್ಯಾಸೆಟ್ಟಿನ ಯಂತ್ರದಲ್ಲಿ ಹಾಡಿಸಲು ಬಾರದು. ಹಾಗೆಯೇ ಒಂದು ಬಗೆಯ ಫೈಲನ್ನು ಎಲ್ಲ ಯಂತ್ರಗಳೂ ತೆರೆಯಲಾರವು. ಇದಕ್ಕೆ ಫಾರ್ಮ್ಯಾಟ್ ಎಂದು ಹೆಸರು. ಇದಲ್ಲದೆ ಬೀಗವೆಂಬುದು ಇನ್ನೊಂದುಂಟು; ಅದನ್ನು ಡಿಆರ್‌ಎಂ ಎನ್ನುತ್ತಾರೆ. ಬಗೆ ಬೇರೆ, ಬೀಗ ಬೇರೆ. ಮಾರುವವರು ಎರಡನ್ನೂ ಕಲಸಿಬಿಡುತ್ತಾರೆ. ಕೊಳ್ಳುವವರು ಬಿಡಿಸಿ ನೋಡಬೇಕು.

ಮೊದಲು ಬಗೆ. ಎಲ್ಲರಿಗೂ ಪರಿಚಯವಾದದ್ದು ಪಿಡಿಎಫ್. ಇದು ಪುಟದ ಪಡಿಯಚ್ಚು. ಪುಟ ಎಷ್ಟು ಅಗಲವೋ ಅಷ್ಟೇ ಅಗಲ. ಸಾಲು ಎಲ್ಲಿ ಮುರಿಯಿತೋ ಅಲ್ಲಿಯೇ ಮುರಿಯಬೇಕು. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಚೆನ್ನ. ಆರಂಗುಲದ ಇ-ರೀಡರಿನಲ್ಲಿ ಇಡೀ ಪುಟ ಕುಗ್ಗಿ ಅಕ್ಷರಗಳು ಸಾಸಿವೆಯಾಗುತ್ತವೆ. ದೊಡ್ಡದು ಮಾಡಿದರೆ ಪುಟದ ಮೂಲೆಯೊಂದು ಮಾತ್ರ ಕಾಣಿಸಿ, ಪ್ರತಿ ಸಾಲಿಗೂ ಅತ್ತಿತ್ತ ಎಳೆಯಬೇಕಾಗುತ್ತದೆ. ಎರಡನೆಯ ಬಗೆ ಇಪಬ್. ಇದರಲ್ಲಿ ಪುಟವೆಂಬುದು ಗೊತ್ತಾದ ಆಕಾರವಲ್ಲ. ಮಾತುಗಳು ನೀರಿನಂತೆ ಪಾತ್ರೆಗೆ ತಕ್ಕಂತೆ ಹರಿದುಕೊಳ್ಳುತ್ತವೆ. ಅಕ್ಷರ ದೊಡ್ಡದಾದರೆ ಸಾಲು ತಾನಾಗಿ ಮುರಿದು ಮುಂದಿನ ಸಾಲಿಗೆ ಇಳಿಯುತ್ತದೆ. ಹಿರಿಯರ ಕಣ್ಣಿಗೆ ಒಪ್ಪುವ ಬಗೆ ಇದೇ. ೨೦೦೭ರಲ್ಲಿ ಹಲವು ಪ್ರಕಾಶಕರೂ ಕಂಪನಿಗಳೂ ಕೂಡಿದ ಒಂದು ಅಂತರರಾಷ್ಟ್ರೀಯ ವೇದಿಕೆ ಇಪಬ್ಬನ್ನು ಎಲ್ಲರಿಗೂ ಮುಕ್ತವಾದ ಮಾದರಿಯಾಗಿ ಅಂಗೀಕರಿಸಿತು. ಆ ವೇದಿಕೆ ೨೦೧೭ರಲ್ಲಿ ವೆಬ್ಬಿನ ಮಾದರಿಗಳನ್ನು ನಿಗದಿಮಾಡುವ ಡಬ್ಲ್ಯೂ-ಥ್ರೀ-ಸಿ ಸಂಸ್ಥೆಯಲ್ಲಿ ಸೇರಿತು.

ಮುಕ್ತ ಮಾದರಿಯೊಂದು ಇದ್ದಮೇಲೆ ಎಲ್ಲರೂ ಅದನ್ನೇ ಹಿಡಿದಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಅಮೆಜಾನ್ ಕಂಪನಿ ೨೦೦೫ರಲ್ಲಿ ಮೊಬಿಪಾಕೆಟ್ ಎಂಬ ಫ್ರೆಂಚ್ ಕಂಪನಿಯನ್ನು ಕೊಂಡಿತ್ತು. ಆ ಕಂಪನಿಯ ಮೊಬಿ ಎಂಬ ಬಗೆಯಿಂದಲೇ ಕಿಂಡಲ್ಲಿನ ಮೊದಲ ಪುಸ್ತಕಗಳು ರೂಪುಗೊಂಡುವು. ಆಮೇಲೆ ತನ್ನವೇ ಆದ ಇನ್ನೂ ಕೆಲವು ಬಗೆಗಳನ್ನು ಅದು ಹೊರಡಿಸಿತು. ಬಹಳ ವರ್ಷ ಕಿಂಡಲ್ಲಿಗೂ ಇಪಬ್ಬಿಗೂ ಮಾತುಕತೆಯೇ ಇರಲಿಲ್ಲ. ೨೦೨೨ರಲ್ಲಿ ಈ ಬಿಗುಪು ತುಸು ಸಡಿಲಿತು. ಬೀಗವಿಲ್ಲದ ಇಪಬ್ ನಮ್ಮಲ್ಲಿದ್ದರೆ ಅದನ್ನು ಅಮೆಜಾನಿನ ಸೇವೆಯ ಮೂಲಕ ಕಳುಹಿಸಬಹುದು. ಅಲ್ಲಿ ಅದು ಕಿಂಡಲ್ಲಿನ ಬಗೆಗೆ ತಿರುಗಿ ನಮ್ಮ ಯಂತ್ರಕ್ಕೆ ಬರುತ್ತದೆ. ನೆರೆಮನೆಯವರೊಡನೆ ಮಾತಾಡುವುದಕ್ಕೂ ಬೀದಿಯ ಕೊನೆಯ ಅಂಗಡಿಗೆ ಹೋಗಿ ಬಂದಂತೆ. ಆದರೂ ಮಾತಂತೂ ನಡೆಯುತ್ತದೆ.

ಬಗೆಯ ತೊಡಕನ್ನು ಹೀಗೆ ಬಿಡಿಸಬಹುದು. ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶವೊಂದಿದೆ. ಕೋವಿದ್ ಗೋಯಲ್ ಎಂಬವರು ೨೦೦೬ರಲ್ಲಿ ಸೋನಿಯ ಓದುಯಂತ್ರವನ್ನು ಪಳಗಿಸಲೆಂದು ಆರಂಭಿಸಿದ್ದು ಈಗ ಲೋಕದೆಲ್ಲೆಡೆ ಬಳಕೆಯಲ್ಲಿದೆ. ಅದು ಒಂದು ಬಗೆಯ ಫೈಲನ್ನು ಇನ್ನೊಂದು ಬಗೆಗೆ ತಿರುಗಿಸಿಕೊಡುತ್ತದೆ. ಆದರೆ ಫೈಲಿಗೆ ಬೀಗವಿದ್ದರೆ ಈ ಉಪಾಯ ಸಾಗದು.

ಬೀಗ ಏಕೆ ಬಂದಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಫೈಲನ್ನು ನಕಲು ಮಾಡುವುದಕ್ಕೆ ಒಂದು ಕ್ಷಣ ಸಾಕು. ಒಬ್ಬರು ಕೊಂಡು ನೂರು ಜನಕ್ಕೆ ಹಂಚಿದರೆ ಲೇಖಕನ ಪಾಡೇನು? ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ತಿರುಗಿ ಮಾರಿದ ನಾಡು ನಮ್ಮದು. ಬರೆದವನಿಗೆ ಅನ್ನ ಹುಟ್ಟಬೇಕೆಂಬ ಮಾತಿನಲ್ಲಿ ನಮಗೆ ಎರಡು ಅಭಿಪ್ರಾಯವಿಲ್ಲ. ಕನ್ನಡ ಪುಸ್ತಕಗಳ ಕದ್ದ ಪಿಡಿಎಫ್‌ಗಳನ್ನು ವಾಟ್ಸಾಪಿನಲ್ಲಿ “ಜ್ಞಾನದಾನ”ವೆಂದು ಹಂಚುವ ಸಜ್ಜನರು ನಮ್ಮ ಬಳಗಗಳಲ್ಲಿಯೂ ಇದ್ದಾರೆ. ಪರರ ಗದ್ದೆಯ ಭತ್ತದಲ್ಲಿ ಮಾಡುವ ದಾನದಿಂದ ಯಾರಿಗೆ ಪುಣ್ಯ ಬರುತ್ತದೋ ಅವರೇ ಯೋಚಿಸಬೇಕು.

ಆದರೆ ಈ ಬೀಗದ ಭಾರವೆಲ್ಲ ಬೀಳುವುದು ದುಡ್ಡು ಕೊಟ್ಟು ಕೊಂಡವನ ಮೇಲೆಯೇ. ಅಮೆಜಾನಿನ ಬೀಗದ ಕೀಲಿ ಅಮೆಜಾನಿನಲ್ಲಿ, ಅಡೋಬಿ ಕಂಪನಿಯ ಬೀಗ ಹಾಕಿದ ಇಪಬ್ಬಿನ ಕೀಲಿ ಅಡೋಬಿಯಲ್ಲಿ, ಆಪಲ್ಲಿನದು ಆಪಲ್ಲಿನಲ್ಲಿ. ಎರಡೂ ಇಪಬ್ಬೇ ಆಗಿದ್ದರೂ ಬೀಗ ಬೇರೆಯಾದರೆ ಒಂದರ ಪುಸ್ತಕ ಇನ್ನೊಂದರಲ್ಲಿ ತೆರೆಯದು. ಹತ್ತು ವರ್ಷ ಒಂದು ಕಂಪನಿಯ ಯಂತ್ರದಲ್ಲಿ ಇನ್ನೂರು ಪುಸ್ತಕ ಕೊಂಡವರು ಹನ್ನೊಂದನೆಯ ವರ್ಷ ಬೇರೆ ಕಂಪನಿಯ ಯಂತ್ರ ಕೊಂಡರೆ, ಆ ಇನ್ನೂರು ಪುಸ್ತಕಗಳು ಹಳೆಯ ಮನೆಯಲ್ಲಿಯೇ ಉಳಿಯುತ್ತವೆ. ಯಂತ್ರವನ್ನು ಬದಲಾಯಿಸಲು ನಮಗೆ ಸ್ವಾತಂತ್ರ್ಯವಿದೆ, ಪುಸ್ತಕಗಳಿಗೆ ಇಲ್ಲ.

ಇದು ಬರಿಯ ಊಹೆಯ ಭಯವಲ್ಲ. ೨೦೦೯ರ ಜುಲೈ ತಿಂಗಳಿನಲ್ಲಿ ಅಮೆರಿಕದ ಅನೇಕ ಓದುಗರ ಕಿಂಡಲ್‌ಗಳಿಂದ ಜಾರ್ಜ್ ಆರ್ವೆಲ್ಲನ ‘೧೯೮೪’ ಮತ್ತು ‘ಅನಿಮಲ್ ಫಾರ್ಮ್’ ಕಾದಂಬರಿಗಳು ತಾವಾಗಿಯೇ ಮಾಯವಾದುವು. ಅವುಗಳನ್ನು ಮಾರಾಟಕ್ಕಿಟ್ಟವರಿಗೆ ಹಕ್ಕು ಇರಲಿಲ್ಲವೆಂದು ತಿಳಿದಮೇಲೆ ಅಮೆಜಾನ್ ಹಣ ಹಿಂದಿರುಗಿಸಿ ಪುಸ್ತಕವನ್ನು ದೂರದಿಂದಲೇ ಅಳಿಸಿತ್ತು. ಸರಕಾರವೊಂದು ಕಾಗದಪತ್ರಗಳನ್ನು ಅಳಿಸಿ ಚರಿತ್ರೆಯನ್ನು ತಿದ್ದುವ ಕಥೆಯುಳ್ಳ ಪುಸ್ತಕಕ್ಕೇ ಈ ಗತಿ ಬಂದದ್ದು ವಿಪರೀತ. ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ೨೦೧೯ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿತು. ಆ ಜುಲೈಯಿಂದ ಕೊಂಡವರ ಪುಸ್ತಕಗಳೂ ತೆರೆಯದಾದುವು. ಹಣ ವಾಪಸು ಬಂದಿತು, ಪುಟದಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಇನ್ನೂ ೨೫ ಡಾಲರು ದೊರೆಯಿತು. ಟಿಪ್ಪಣಿಯ ಬೆಲೆಯನ್ನು ಹಾಗೆ ಕಟ್ಟಲು ಬರುತ್ತದೆಯೇ ಎಂಬುದು ಬೇರೆ ಮಾತು. ಚೀನಾದಲ್ಲಿ ಕಿಂಡಲ್ ಅಂಗಡಿ ೨೦೨೩ರ ಜೂನಿನಲ್ಲಿ ಮುಚ್ಚಿತು. ಕೊಂಡ ಪುಸ್ತಕಗಳನ್ನು ಇಳಿಸಿಕೊಳ್ಳಲು ಗಿರಾಕಿಗಳಿಗೆ ಇನ್ನೊಂದು ವರ್ಷ ಗಡುವು ಸಿಕ್ಕಿತು. ೨೦೨೫ರ ಫೆಬ್ರುವರಿ ೨೬ರಿಂದ, ಕಿಂಡಲ್ ಅಂಗಡಿಯಲ್ಲಿ ಕೊಂಡ ಪುಸ್ತಕದ ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿ ತಂತಿಯ ಮೂಲಕ ಯಂತ್ರಕ್ಕೆ ಹಾಕಿಕೊಳ್ಳುವ ಹಳೆಯ ಸೌಲಭ್ಯವನ್ನು ಅಮೆಜಾನ್ ನಿಲ್ಲಿಸಿತು.

ಇವೆಲ್ಲಕ್ಕೂ ಮೂಲ ಒಂದೇ. ನಾವು “ಕೊಂಡೆವು” ಎನ್ನುತ್ತೇವೆ. ಕರಾರಿನ ಸಣ್ಣಕ್ಷರದಲ್ಲಿ ಇರುವುದು “ಓದಲು ಪರವಾನಗಿ ಪಡೆದಿರಿ” ಎಂದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ೨೦೨೫ರ ಜನವರಿ ೧ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಮಾರುವುದು ಪರವಾನಗಿಯನ್ನು ಮಾತ್ರವಾಗಿದ್ದರೆ ವ್ಯಾಪಾರಿಯು ಅದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. ಒಳ್ಳೆಯ ಕಾನೂನು. ಆದರೆ ತಿಳಿಸಿದ ಮಾತ್ರಕ್ಕೆ ಪರವಾನಗಿ ಪುಸ್ತಕವಾಗದು.

ನಮ್ಮ ಮನೆಗಳಲ್ಲಿ ಪುಸ್ತಕವೆಂದರೆ ಏನು ಎಂಬುದನ್ನು ಒಂದು ಗಳಿಗೆ ಯೋಚಿಸೋಣ. ಮೊದಲ ಪುಟದಲ್ಲಿ ಅಜ್ಜನ ಹೆಸರು, ಊರು, ತಾರೀಖು. ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು. ಚಿಕ್ಕಮ್ಮ ಓದಲು ಒಯ್ದು ಮೂರು ವರ್ಷದ ಮೇಲೆ ಹಿಂದಿರುಗಿಸಿದ್ದು. ನೆರೆಯ ಕನ್ನಡದ ಮನೆಗೆ ಹೋದದ್ದು ಬಾರದೆ ಉಳಿದದ್ದು. ಕೊನೆಗೆ, ಮನೆಯಲ್ಲಿ ಓದುವವರಿಲ್ಲವಾದಾಗ ಸಂಘದ ವಾಚನಾಲಯಕ್ಕೆ ದಾನ. ನಮ್ಮ ಎಷ್ಟೋ ಸಂಘಗಳ ಬೀರುಗಳು ತುಂಬಿರುವುದು ಹೀಗೆ ಬಂದ ಪುಸ್ತಕಗಳಿಂದಲೇ. ಹೊರನಾಡಿನಲ್ಲಿ ಒಂದು ಭಾಷೆ ಎರಡು ಮೂರು ತಲೆಮಾರು ಉಸಿರಾಡಿಕೊಂಡಿರುವುದು ಈ ಕೈಬದಲಿನಿಂದ. ಪರವಾನಗಿಯ ಪುಸ್ತಕಕ್ಕೆ ಈ ಯೋಗವಿಲ್ಲ. ಅದು ಖಾತೆದಾರನಿಗೆ ಕೊಟ್ಟದ್ದು. ಖಾತೆ ಮುಗಿದಲ್ಲಿಗೆ ಅದರ ಕಥೆಯೂ ಮುಗಿಯುತ್ತದೆ. ಆದುದರಿಂದ “ಕಪಾಟು ತೆಗೆದುಬಿಡೋಣ” ಎಂಬ ಮಾತನ್ನು ಮನೆಯ ಹಿರಿಯರು ಒಡನೆಯೇ ಒಪ್ಪಿಕೊಳ್ಳಬಾರದೆಂದೇ ನಮ್ಮ ಸಲಹೆ.

ಇನ್ನು ಕನ್ನಡದ ಪ್ರಶ್ನೆ. ೨೦೧೬ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ಲಿನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ವಿಧಿಪೂರ್ವಕವಾಗಿ ಆರಂಭಿಸಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲೆಯಾಳ ಎಂದು ಐದು ಭಾಷೆಗಳು. ಆ ಐದರಲ್ಲಿ ಕನ್ನಡವಿರಲಿಲ್ಲ; ತೆಲುಗೂ ಬಂಗಾಳಿಯೂ ಇರಲಿಲ್ಲವೆಂಬುದು ಸಮಾಧಾನವಾಗಲಾರದು. ಪುಣೆಯಲ್ಲಿ ನಮ್ಮ ಪಕ್ಕದ ಮನೆಯ ಮರಾಠಿ ಗೃಹಸ್ಥರಿಗೂ ಚೆನ್ನೈಯಲ್ಲಿ ಎದುರುಮನೆಯ ತಮಿಳರಿಗೂ ದೊರೆತ ಸೌಕರ್ಯ ನಮಗೆ ಅಂದು ದೊರೆಯಲಿಲ್ಲ. ಆದುದರಿಂದ “ಅವರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದೆ” ಎಂಬ ಆಧಾರದಿಂದ ಯಂತ್ರವನ್ನು ಕೊಳ್ಳಬಾರದು.

ಹಾಗೆಂದು ಕನ್ನಡ ಇ-ಪುಸ್ತಕಗಳೇ ಇಲ್ಲವೆಂದಲ್ಲ. ಮೈಲ್ಯಾಂಗ್, ವಿವಿಡ್‌ಲಿಪಿ ಮೊದಲಾದ ಕನ್ನಡ ಸಂಸ್ಥೆಗಳು ಈ ಕೆಲಸಕ್ಕೆ ಕೈ ಹಾಕಿದುವು. ಗೂಗಲ್ಲಿನ ಅಂಗಡಿಯಲ್ಲಿಯೂ ಕನ್ನಡ ಪುಸ್ತಕಗಳು ಬಂದುವು. ಆದರೆ ಇಂಥವು ಬಹುಮಟ್ಟಿಗೆ ಫೋನಿನ ಆ್ಯಪುಗಳಲ್ಲಿ ಓದುವಂಥವು. ಕಿಂಡಲ್ಲಿನಂಥ ಯಂತ್ರದೊಳಗೆ ಬೇರೆಯವರ ಆ್ಯಪಿಗೆ ಪ್ರವೇಶವಿಲ್ಲ. ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ನಡೆಯುವ, ಆದರೆ ಇ-ಇಂಕ್ ಪರದೆಯೇ ಇರುವ ಯಂತ್ರಗಳೂ ಉಂಟು; ಬೂಕ್ಸ್ ಎಂಬುದು ಅವುಗಳಲ್ಲೊಂದು. ಅವುಗಳಲ್ಲಿ ಆ್ಯಪುಗಳನ್ನು ಹಾಕಿಕೊಳ್ಳಬಹುದು. ಅವುಗಳನ್ನು ನಿಭಾಯಿಸುವುದು ಕೊಂಚ ತೊಡಕು. ಮನೆಯಲ್ಲಿ ತಿಳಿದ ಮಗನೋ ಮಗಳೋ ಇದ್ದರೆ ಸರಿ.

ಎರಡನೆಯ ಭಂಡಾರ, ಹಳೆಯ ಪುಸ್ತಕಗಳದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಗ್ರಂಥಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ೨೦೧೬ರಲ್ಲಿ ಆರಂಭವಾಯಿತು; ಅದರಲ್ಲಿಯೂ ಕನ್ನಡದ ನಿಘಂಟುಗಳು, ಪುಸ್ತಕಗಳು ಸೇರಿದುವು. ಊರಿನಿಂದ ದೂರವಿರುವವರಿಗೆ ಇದು ಕೊಪ್ಪರಿಗೆ ಹೊನ್ನು. ಆದರೆ ಸ್ಕ್ಯಾನ್ ಮಾಡಿದ್ದೆಂದರೆ ಪುಟದ ಛಾಯಾಚಿತ್ರ. ಆರಂಗುಲದ ಪರದೆಯಲ್ಲಿ ಮೇಲೆ ಹೇಳಿದ ಸಾಸಿವೆಯ ತೊಂದರೆ ತಪ್ಪದು. ಇವುಗಳನ್ನು ಓದಲೆಂದೇ ಕೊಳ್ಳುವವರು ಹತ್ತಂಗುಲದ ಪರದೆಯುಳ್ಳ ಯಂತ್ರವನ್ನೋ ಸಾಧಾರಣ ಟ್ಯಾಬ್ಲೆಟ್ಟನ್ನೋ ನೋಡುವುದು ಲೇಸು.

ಇನ್ನೊಂದು ಸೂಕ್ಷ್ಮವುಂಟು. ಬರಹ, ನುಡಿಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪಿಡಿಎಫ್ ನೋಡಲು ಅಂದವಾಗಿರುತ್ತದೆ. ಅದನ್ನು ಇಪಬ್ಬಿಗೆ ತಿರುಗಿಸಹೊರಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದುವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷು. ಯುನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ೧೯೯೧ರಿಂದಲೂ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಯುನಿಕೋಡಿನಲ್ಲಿ ಜೋಡಿಸಿದ ಪುಸ್ತಕ ಮಾತ್ರ ಯಾವ ಬಗೆಗೆ ತಿರುಗಿಸಿದರೂ ಕನ್ನಡವಾಗಿಯೇ ಉಳಿಯುತ್ತದೆ. ಕನ್ನಡ ವಿಕಿಸೋರ್ಸಿನಲ್ಲಿರುವ ಹಳೆಯ ಕೃತಿಗಳು ಯುನಿಕೋಡಿನಲ್ಲಿವೆ. ಅಲ್ಲಿಂದ ಬೀಗವಿಲ್ಲದ ಇಪಬ್ ಇಳಿಸಿಕೊಳ್ಳಲು ಬರುತ್ತದೆ.

ಯಾವ ಪುಸ್ತಕ ಎಲ್ಲರ ಸ್ವತ್ತು ಎಂಬುದಕ್ಕೂ ಲೆಕ್ಕವಿದೆ. ನಮ್ಮ ದೇಶದ ೧೯೫೭ರ ಕಾಪಿರೈಟ್ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ ೬೦ ವರ್ಷ ಹಕ್ಕು ಉಳಿಯುತ್ತದೆ. ಎಂ. ಎಸ್. ಪುಟ್ಟಣ್ಣನವರ, ಗಳಗನಾಥರ, ಕೈಲಾಸಂ ಅವರ ಕೃತಿಗಳು ಎಂದೋ ಎಲ್ಲರವಾದುವು. ತ್ರಿವೇಣಿಯವರು ೧೯೬೩ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಅಚ್ಚಾದ ಕಾದಂಬರಿಗಳು ೨೦೨೪ರ ಜನವರಿಯಿಂದ ಈ ಸಾಲಿಗೆ ಸೇರಿದುವು. ಬೇಂದ್ರೆಯವರದಕ್ಕೆ ೨೦೪೧ರ ಕೊನೆಯವರೆಗೂ, ಕುವೆಂಪು ಅವರದಕ್ಕೆ ೨೦೫೪ರ ಕೊನೆಯವರೆಗೂ, ಕಾರಂತರದಕ್ಕೆ ೨೦೫೭ರ ಕೊನೆಯವರೆಗೂ ಹಕ್ಕುಂಟು. ಅವರ ಪುಸ್ತಕಗಳನ್ನು ಕೊಂಡೇ ಓದಬೇಕು. ಬೀಗವನ್ನು ಒಡೆದುಬಿಡೋಣವೆಂಬ ಉತ್ಸಾಹಿಗಳಿಗೂ ಒಂದು ಮಾತು. ೨೦೧೨ರ ತಿದ್ದುಪಡಿಯ ಪ್ರಕಾರ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಸಜೆ ಮತ್ತು ದಂಡ ಉಂಟು.

ಇಷ್ಟಾದಮೇಲೆ, ಯಾರು ಕೊಳ್ಳಬೇಕು, ಯಾರು ಬಿಡಬೇಕು? ಇಂಗ್ಲಿಷ್ ಕಾದಂಬರಿಗಳನ್ನು ಹೇರಳವಾಗಿ ಓದುವವರು, ದಿನಕ್ಕೆ ಎರಡು ಗಂಟೆ ಲೋಕಲ್ ರೈಲಿನಲ್ಲಿ ಕಳೆಯುವವರು, ಒಮ್ಮೆ ಓದಿದ ಪುಸ್ತಕವನ್ನು ಮತ್ತೆ ಮುಟ್ಟದವರು ಧಾರಾಳವಾಗಿ ಕೊಳ್ಳಬಹುದು. ಅವರಿಗೆ ಬೀಗದಿಂದ ಆಗುವ ನಷ್ಟ ಅಲ್ಪ, ಯಂತ್ರದಿಂದ ಆಗುವ ಲಾಭ ದೊಡ್ಡದು. ಮರಾಠಿ, ತಮಿಳು, ಹಿಂದಿಗಳನ್ನೂ ಓದಬಲ್ಲ ನಮ್ಮ ಮಕ್ಕಳಿಗೂ ಪ್ರಯೋಜನವುಂಟು. ಕಾಲೇಜಿನ ಪಠ್ಯಪುಸ್ತಕಗಳಿಗೆ ಸಣ್ಣ ಇ-ರೀಡರ್ ಒಗ್ಗದು. ಅವು ಹೆಚ್ಚಾಗಿ ಅಗಲ ಪುಟದ ಪಿಡಿಎಫ್‌ಗಳು, ಚಿತ್ರಗಳೂ ಕೋಷ್ಟಕಗಳೂ ತುಂಬಿದವು. ಕನ್ನಡವನ್ನು ಮಾತ್ರ ಓದುವ ಹಿರಿಯರಿಗಾಗಿ ಕೊಳ್ಳುವವರು ಆತುರಪಡಬಾರದು; ದೊಡ್ಡ ಪರದೆಯ ಟ್ಯಾಬ್ಲೆಟ್ಟಿನಲ್ಲಿ ಕನ್ನಡದ ಆ್ಯಪುಗಳು ಅವರಿಗೆ ಹೆಚ್ಚು ಕೆಲಸಕ್ಕೆ ಬರಬಹುದು. ಕಣ್ಣು ತೀರ ಮಂದವಾದವರಿಗೆ ಓದಿ ಹೇಳುವ ಸೌಲಭ್ಯವಿದೆಯೇ ಎಂದು ವಿಚಾರಿಸಬೇಕು. ಅಲ್ಲಿಯೂ ಬೀಗವುಂಟು: ೨೦೦೯ರಲ್ಲಿ ಕಿಂಡಲ್ ಪುಸ್ತಕವನ್ನು ಗಟ್ಟಿಯಾಗಿ ಓದಿಹೇಳಲು ತೊಡಗಿದಾಗ ಅಮೆರಿಕದ ಲೇಖಕರ ಸಂಘ ಆಕ್ಷೇಪಿಸಿತು, ಯಾವ ಪುಸ್ತಕ ಬಾಯಿ ತೆರೆಯಬೇಕು ಎಂಬುದನ್ನು ಹಕ್ಕುಳ್ಳವರೇ ನಿರ್ಧರಿಸುವಂತಾಯಿತು.

ಕೊಳ್ಳಲು ಹೊರಟವರು ಇಷ್ಟನ್ನು ಮಾಡಿದರೆ ಸಾಕು. ಮನೆಯಲ್ಲಿಯೇ ಒಂದು ಸಣ್ಣ ಕನ್ನಡ ಇಪಬ್ ಸಿದ್ಧಮಾಡಿಕೊಳ್ಳಿ. ಅದರಲ್ಲಿ ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಧರ್ಮ, ಉತ್ಪ್ರೇಕ್ಷೆ ಎಂಬಂಥ ಒತ್ತಕ್ಷರದ ಶಬ್ದಗಳಿರಲಿ. ಯಂತ್ರವಿರುವ ಸ್ನೇಹಿತರಲ್ಲಿ ಅದನ್ನು ತೆರೆಯಿಸಿ ನೋಡಿ. ಒತ್ತುಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತಿವೆಯೇ, ಅರ್ಕಾವತ್ತು ಮುಂದಿದೆಯೇ, ಅಕ್ಷರವನ್ನು ದೊಡ್ಡದು ಮಾಡಿದಾಗ ಸಾಲು ಸರಿಯಾಗಿ ಮುರಿಯುತ್ತದೆಯೇ? ನಮ್ಮದೇ ಫಾಂಟನ್ನು ಹಾಕಿಕೊಳ್ಳಲು ಅವಕಾಶವಿದೆಯೇ? ಬೇರೆ ಕಡೆ ಕೊಂಡ ಪುಸ್ತಕವನ್ನು ಒಳಗೆ ತರಲು ಬರುತ್ತದೆಯೇ? ಇಲ್ಲಿ ಕೊಂಡದ್ದನ್ನು ಹೊರಗೆ ಒಯ್ಯಲು ಬರುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಯಂತ್ರದ ನಿಜವಾದ ಬೆಲೆ. ಕೊಂಡ ಮೇಲೆ, ಬೀಗವಿಲ್ಲದ ಪುಸ್ತಕಗಳ ಒಂದೊಂದು ಪ್ರತಿಯನ್ನು ಕಂಪ್ಯೂಟರಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ಖಾತೆ ಯಾರ ಹೆಸರಿನಲ್ಲಿದೆ, ಗುಪ್ತಪದವೇನು ಎಂಬುದು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ. ಮತ್ತೆ ಮತ್ತೆ ತೆರೆಯುವ, ಮೊಮ್ಮಕ್ಕಳಿಗೆ ಉಳಿಯಬೇಕೆನಿಸುವ ಪುಸ್ತಕವನ್ನು ಕಾಗದದಲ್ಲಿಯೇ ಕೊಳ್ಳಿ.

ನಮ್ಮ ಸಂಘಗಳೂ ಸುಮ್ಮನಿರಬೇಕಾಗಿಲ್ಲ. ವಾಚನಾಲಯಕ್ಕೆ ಒಂದು ಯಂತ್ರವನ್ನು ಕೊಂಡಿಟ್ಟರೆ ಸದಸ್ಯರು ನೋಡಿ, ಮುಟ್ಟಿ, ಓದಿ ತೀರ್ಮಾನಿಸಬಹುದು. ಅದಕ್ಕಿಂತ ಮುಖ್ಯವಾದದ್ದು ಪ್ರಕಾಶಕರಿಗೆ ಬರೆಯುವ ಪತ್ರ. ಬೀಗವಿಲ್ಲದೆ ಮಾರಿದರೆ ವ್ಯಾಪಾರ ಮುಳುಗುತ್ತದೆಂಬುದ ಎಲ್ಲರೂ ನಂಬಿರುವ ಮಾತಲ್ಲ. ಅಮೆರಿಕದ ಟಾರ್ ಎಂಬ ಪ್ರಕಾಶನ ಸಂಸ್ಥೆ ೨೦೧೨ರಲ್ಲಿಯೇ ತನ್ನ ಇ-ಪುಸ್ತಕಗಳ ಬೀಗವನ್ನು ತೆಗೆಯಿತು. ಅದೇ ವರ್ಷ ಹ್ಯಾರಿ ಪಾಟರ್ ಪುಸ್ತಕಗಳನ್ನು ಬೀಗದ ಬದಲು ಪ್ರತಿಯೊಳಗೆ ಗುರುತು ಹಾಕಿ ಮಾರಲಾಯಿತು. ಯಾರ ಪ್ರತಿ ಬೀದಿಗೆ ಬಿದ್ದಿತೆಂದು ಆ ಗುರುತಿನಿಂದ ತಿಳಿಯುತ್ತದೆ. ಕನ್ನಡ ಪ್ರಕಾಶಕರೂ ಯುನಿಕೋಡಿನಲ್ಲಿ, ಇಪಬ್ ರೂಪದಲ್ಲಿ, ಕೊಂಡವರ ಗುರುತು ಹಾಕಿ ಬೀಗವಿಲ್ಲದೆ ಕೊಡಲಿ. ಹೊರನಾಡಿನ ಕನ್ನಡಿಗರು ಪೂರ್ಣ ಬೆಲೆ ಕೊಟ್ಟು ಕೊಳ್ಳುತ್ತೇವೆಂದು ನಾವು ಮಾತು ಕೊಡೋಣ. ಆ ಮಾತನ್ನು ನಡೆಸುವುದಕ್ಕೆ ಮೊದಲು ವಾಟ್ಸಾಪಿನ ಜ್ಞಾನದಾನವನ್ನು ನಿಲ್ಲಿಸಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ಈ ಯಂತ್ರಗಳನ್ನು ಬಳಸುತ್ತಿರುವ ವಾಚಕರು, ಕನ್ನಡ ಅದರಲ್ಲಿ ಹೇಗೆ ಕಾಣುತ್ತದೆ, ಯಾವ ಪುಸ್ತಕ ತೆರೆಯಿತು, ಯಾವುದು ತೆರೆಯಲಿಲ್ಲ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಉಪಯೋಗವಾಗುವಂತೆ ಪ್ರಕಟಿಸುತ್ತೇವೆ. ಯಂತ್ರದ ಹೆಸರನ್ನೂ ಕೊಂಡ ವರ್ಷವನ್ನೂ ತಪ್ಪದೆ ನಮೂದಿಸಬೇಕಾಗಿ ಕೋರುತ್ತೇವೆ.